ರಾಜ್ಯಶಾಸ್ತ್ರದ ಬಿ.ಎ.: ಸಾಲ ಎಷ್ಟು, ಫಸಲು ಎಷ್ಟು?

ಪಿ.ಯು. ಫಲಿತಾಂಶ ಬಂದ ಕೂಡಲೇ ನಮ್ಮ ಕಡೆ ಮನೆ ಮನೆಯ ಕಟ್ಟೆಯ ಮೇಲೆ ಒಂದೇ ಮಾತು: ಮುಂದೇನು? ಸೈನ್ಸ್ ಓದಿದವರ ದಾರಿ ಬೇರೆ. ಆರ್ಟ್ಸ್ ಓದಿದ ಮಕ್ಕಳಿಗೆ ಬಿ.ಎ. ಅದರಲ್ಲೂ ಹಳ್ಳಿ ಮಕ್ಕಳು ಹೆಚ್ಚಾಗಿ ಹಿಡಿಯುವುದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಮೊದಲೆಲ್ಲ ಬಿ.ಎ. ಓದಲು ಯಾರೂ ಬ್ಯಾಂಕಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ತಾಲ್ಲೂಕಿನ ಸರ್ಕಾರಿ ಕಾಲೇಜು, ಬಸ್ ಪಾಸು, ಬುತ್ತಿ ಗಂಟು, ಅಷ್ಟೇ. ಈಗ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳು ಬಣ್ಣದ ಪುಸ್ತಕ ಹಿಡಿದು ಹಳ್ಳಿಯ ತನಕ ಬಂದಿವೆ. ಅದೇ ರಾಜ್ಯಶಾಸ್ತ್ರದ ಬಿ.ಎ.ಗೆ ವರ್ಷಕ್ಕೆ ಲಕ್ಷಗಟ್ಟಲೆ. ಜೊತೆಗೆ 'ಶಿಕ್ಷಣ ಸಾಲ ಸಿಗುತ್ತದೆ, ಚಿಂತೆ ಬೇಡ' ಎಂಬ ಭರವಸೆ ಬೇರೆ.

ನಾನು ಓದಿದ್ದು ಏಳನೇ ಇಯತ್ತೆ. ಗದಗ ಜಿಲ್ಲೆಯ ರೋಣದ ಕಡೆ ಏಳು ಎಕರೆ ಎರಿ ಹೊಲ ನನ್ನದು. ನೀರಾವರಿ ಇಲ್ಲ. ಮಳೆ ಬಂದರೆ ಪೀಕು, ಇಲ್ಲದಿದ್ದರೆ ಬರೀ ಮಣ್ಣು. ರಾಜ್ಯಶಾಸ್ತ್ರದೊಳಗೆ ಏನಿದೆ ಎಂದು ಹೇಳುವ ಓದು ನನ್ನದಲ್ಲ. ಆದರೆ ಸಾಲ, ಬಡ್ಡಿ, ಕಂತು, ಹುಟ್ಟುವಳಿ, ಇವು ನನಗೆ ಗೊತ್ತು. 2022ರಲ್ಲಿ ಮಗಳ ಪಿ.ಯು. ಮುಗಿದಾಗ ಈ ಲೆಕ್ಕವನ್ನು ನಮ್ಮ ಮನೆಯಲ್ಲೇ ಹಾಕಬೇಕಾಯಿತು. ನಮ್ಮಂಥ ಇತರರಿಗೂ ಉಪಯೋಗವಾದೀತು ಎಂದು ಅದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಒಂದೇ ಪದವಿ, ಎರಡು ದರ

ಮಗಳಿಗೆ ಒಳ್ಳೆಯ ಅಂಕ ಬಂದಿದ್ದವು. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ರಾಜ್ಯಶಾಸ್ತ್ರದ ಬಿ.ಎ. ಸೀಟು ಸಿಗುವುದಿತ್ತು. ಶುಲ್ಕ ವರ್ಷಕ್ಕೆ 1,30,000, ಹಾಸ್ಟೆಲ್ಲು, ಊಟ, ಓಡಾಟ ಸೇರಿ ಇನ್ನೊಂದು 70,000. ಅಂದರೆ ವರ್ಷಕ್ಕೆ ಎರಡು ಲಕ್ಷ, ಮೂರು ವರ್ಷಕ್ಕೆ ಆರು ಲಕ್ಷ.

ಇತ್ತ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಪ್ರವೇಶ, ಪರೀಕ್ಷಾ ಶುಲ್ಕ, ಪುಸ್ತಕ, ಮೊಬೈಲಿನ ರೀಚಾರ್ಜು, ಬಟ್ಟೆ, ಚಪ್ಪಲಿ ಎಲ್ಲ ಸೇರಿ ಮೂರು ವರ್ಷಕ್ಕೆ ನಮಗೆ ತಗುಲಿದ್ದು 48,000 ರೂಪಾಯಿ. ಮೊದಲ ವರ್ಷ ಬಸ್ ಪಾಸಿನ ಖರ್ಚಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದ ಮೇಲೆ ಅದೂ ಉಳಿಯಿತು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ರೈತರ ಮಕ್ಕಳಿಗೆ ಪದವಿ ಓದಲು ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಎಂದಿತ್ತು. ನಮಗೆ ಮೊದಲ ವರ್ಷ ಅದು ಬಂತು. ಇಂಥ ಸಹಾಯಧನವನ್ನು ಮಾತ್ರ ಆಯಾ ವರ್ಷ ಚಾಲ್ತಿ ಇದೆಯೇ ಎಂದು ವಿಚಾರಿಸಿಕೊಂಡೇ ಲೆಕ್ಕಕ್ಕೆ ಹಿಡಿಯಬೇಕು.

ಈ ಕಡೆ ಅರ್ಧ ಲಕ್ಷವೂ ಇಲ್ಲ, ಆ ಕಡೆ ಆರು ಲಕ್ಷ. ಐದೂವರೆ ಲಕ್ಷದ ಅಂತರ. ಕೈಗೆ ಬರುವ ಪದವಿಯ ಹೆಸರು ಎರಡೂ ಕಡೆ ಒಂದೇ: ಬಿ.ಎ. ಹಾಗಾದರೆ ಆ ಐದೂವರೆ ಲಕ್ಷಕ್ಕೆ ಸಿಗುವ ಹೆಚ್ಚಿನ ಹುಟ್ಟುವಳಿ ಏನು? ಇದೇ ನಮ್ಮ ಮುಂದಿದ್ದ ಪ್ರಶ್ನೆ.

ಆರು ಲಕ್ಷ ಬೆಳೆದು ಎಷ್ಟಾಗುತ್ತದೆ

ಶಿಕ್ಷಣ ಸಾಲದಲ್ಲಿ ಓದುವಾಗ ಕಂತು ಕಟ್ಟುವುದಿರುವುದಿಲ್ಲ. ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರು. ಇದನ್ನೇ ಮಂದಿ 'ಓದೋ ತನಕ ಬಡ್ಡಿ ಇಲ್ಲ' ಎಂದು ತಿಳಿಯುತ್ತಾರೆ. ಹಾಗಲ್ಲ. ಕಟ್ಟುವುದು ಇಲ್ಲ ಅಷ್ಟೇ, ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಆಮೇಲೆ ಅದು ಅಸಲಿಗೆ ಸೇರುತ್ತದೆ.

ನೂರಕ್ಕೆ ವರ್ಷಕ್ಕೆ 11ರ ಬಡ್ಡಿ ಹಿಡಿಯೋಣ. ವರ್ಷಕ್ಕೆ ಎರಡು ಲಕ್ಷದಂತೆ ಮೂರು ಸಲ ಎತ್ತಿದ್ದೇವೆ.

ಮೊದಲ 2 ಲಕ್ಷಕ್ಕೆ 4 ವರ್ಷದ ಬಡ್ಡಿ: 88,000
ಎರಡನೇ 2 ಲಕ್ಷಕ್ಕೆ 3 ವರ್ಷದ ಬಡ್ಡಿ: 66,000
ಮೂರನೇ 2 ಲಕ್ಷಕ್ಕೆ 2 ವರ್ಷದ ಬಡ್ಡಿ: 44,000
ಒಟ್ಟು ಬಡ್ಡಿ: 1,98,000
ಕಂತು ಶುರುವಾಗುವ ದಿನ ಇರುವ ಸಾಲ: 7,98,000

ಇದನ್ನು 15 ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 9,070. ಒಟ್ಟು ಕಟ್ಟುವುದು 16 ಲಕ್ಷದ ಮೇಲೆ. 10 ವರ್ಷದಲ್ಲಿ ತೀರಿಸಿದರೆ ಕಂತು ಸುಮಾರು 11,000, ಒಟ್ಟು 13 ಲಕ್ಷದ ಮೇಲೆ. ನೆನಪಿಡಲು ಸುಲಭದ ಲೆಕ್ಕ ಒಂದಿದೆ. 11ರ ಬಡ್ಡಿಗೆ ಹತ್ತು ವರ್ಷದ ಅವಧಿಯಾದರೆ ಪ್ರತಿ ಒಂದು ಲಕ್ಷಕ್ಕೆ ತಿಂಗಳಿಗೆ ಸುಮಾರು 1,380 ರೂಪಾಯಿ. ಬ್ಯಾಂಕಿಗೆ ಹೋಗುವ ಮುಂಚೆ ಮನೆಯಲ್ಲೇ ಬೆರಳು ಮಡಚಿ ಎಣಿಸಬಹುದು.

ಇನ್ನು ನನ್ನ ಹೊಲದ ಕಡೆ ನೋಡಿ. ಮೂರು ಎಕರೆ ಬಿಳಿಜೋಳ ಮನೆಯ ಊಟಕ್ಕೂ ದನದ ಮೇವಿಗೂ ಸರಿ. ಉಳಿದ ನಾಲ್ಕು ಎಕರೆಯಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಒಳ್ಳೆಯ ವರ್ಷ ಹೆಸರು 8 ಕ್ವಿಂಟಲ್, 7,500ರಂತೆ 60,000. ಬೀಜ, ಗೊಬ್ಬರ, ಆಳು, ರಾಶಿ ಎಲ್ಲ ಲಾಗೋಡಿ 32,000. ಉಳಿದದ್ದು 28,000. ಕಡಲೆ 16 ಕ್ವಿಂಟಲ್, 5,500ರಂತೆ 88,000. ಲಾಗೋಡಿ 44,000, ಉಳಿದದ್ದು 44,000. ಎರಡೂ ಸೇರಿ 72,000 ರೂಪಾಯಿ. ಇದು ಕೈ ಹಿಡಿದ ವರ್ಷದ ಮಾತು.

ಮೇಲಿನ ಸಾಲದ ಕಂತು ವರ್ಷಕ್ಕೆ 1,08,840. ಅಂದರೆ ಹುಡುಗಿಗೆ ಕೆಲಸ ಸಿಗದೆ ಕಂತು ನನ್ನ ಮೇಲೆ ಬಿದ್ದರೆ, ಒಳ್ಳೆಯ ಮಳೆಯ ವರ್ಷದಲ್ಲೂ ಇಡೀ ಹೊಲದ ಲಾಭ ಕೊಟ್ಟರೂ ಸಾಲದು. ಇನ್ನು 2023ರಂಥ ವರ್ಷ ಬಂದರೆ? ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ನನ್ನ ಹೆಸರು ಹೂವಿನಲ್ಲೇ ಒಣಗಿತು. ಕಡಲೆ ಎಕರೆಗೆ ಒಂದೂವರೆ ಕ್ವಿಂಟಲ್ ಬಂತು. ಬರದ ವರ್ಷ ಬೆಳೆಸಾಲದ ಕಂತನ್ನಾದರೂ ಮುಂದೂಡುತ್ತಾರೆ. ಶಿಕ್ಷಣ ಸಾಲದ ಕಂತು ಮಳೆ ನೋಡಿ ಬರುವುದಿಲ್ಲ, ತಾರೀಖು ನೋಡಿ ಬರುತ್ತದೆ.

ಜಾಮೀನು ಬೇಡ ಎಂದರೆ ಏನರ್ಥ

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗೆ ಅಡವು ಕೇಳುವಂತಿಲ್ಲ. 2015ರಲ್ಲಿ ಕೇಂದ್ರದ ಸಾಲ ಖಾತರಿ ನಿಧಿ ಬಂದ ಮೇಲೆ ಅದರಡಿ ಏಳೂವರೆ ಲಕ್ಷದವರೆಗೂ ಹೊಲ ಮನೆ ಒತ್ತೆ ಇಡದೆ, ಮೂರನೆಯವರ ಜಾಮೀನಿಲ್ಲದೆ ಸಾಲ ಕೊಡಬಹುದು. ಒಳ್ಳೆಯದೇ. ಆದರೆ ನಮ್ಮ ಮಂದಿ ಇದರಿಂದ 'ಹೊಲಕ್ಕೆ ಏನೂ ಸಂಬಂಧ ಇಲ್ಲ' ಎಂದು ತಿಳಿಯುತ್ತಾರೆ. ಸಹಿ ಹಾಕುವಾಗ ತಂದೆ ಅಥವಾ ತಾಯಿ ಸಹ-ಸಾಲಗಾರರು. ಸಾಲ ಮಗುವಿನದಷ್ಟೇ ಅಲ್ಲ, ನಮ್ಮದೂ ಹೌದು. ಕಂತು ತಪ್ಪಿದರೆ ಇಬ್ಬರ ಹೆಸರಿನಲ್ಲೂ ದಾಖಲಾಗುತ್ತದೆ. ಮುಂದೆ ಬೆಳೆಸಾಲಕ್ಕೆ ಹೋದಾಗ ಸಿಬಿಲ್ ತೆಗೆದು ನೋಡುತ್ತಾರೆ.

ನಮ್ಮ ಸಂಬಂಧಿಕರ ಮನೆಯಲ್ಲಿ ಇದು ಕಣ್ಣೆದುರೇ ಆಯಿತು. ಹುಡುಗ ಜಾಣ. 2018ರಲ್ಲಿ ಬೆಂಗಳೂರಿನಲ್ಲಿ ಇಂಥದ್ದೇ ಬಿ.ಎ.ಗೆ ಆರು ಲಕ್ಷ ಸಾಲ ಮಾಡಿ ಸೇರಿದ. 2021ರಲ್ಲಿ ಪಾಸಾದ. ಕೆಲಸವೂ ಸಿಕ್ಕಿತು, ತಿಂಗಳಿಗೆ 22,000. ಖೋಲಿ ಬಾಡಿಗೆ, ಊಟ, ಬಸ್ಸು ಕಳೆದು ಒಂಬತ್ತು ಸಾವಿರದ ಕಂತು ಕಟ್ಟಿದರೆ ಕೈಯಲ್ಲಿ ಉಳಿಯುವುದು ಸೊನ್ನೆ. 2023ರಲ್ಲಿ ಎರಡು ಕೆಲಸಗಳ ನಡುವೆ ಮೂರು ತಿಂಗಳು ಖಾಲಿ ಕೂರಬೇಕಾಯಿತು. ಮೂರು ಕಂತು ತಪ್ಪಿದವು. ಅದೇ ಬರಗಾಲದ ವರ್ಷ ತಂದೆ ಹಿಂಗಾರಿಯ ಬೆಳೆಸಾಲ ಕೇಳಲು ಬ್ಯಾಂಕಿಗೆ ಹೋದರೆ ಮಗನ ಕಂತು ಬಾಕಿ ಎಂದು ಅರ್ಜಿ ನಿಂತಿತು. ಕಡಲೆ ಬೀಜಕ್ಕೆ ಅವರು ದಲಾಲಿ ಅಂಗಡಿಯಲ್ಲಿ ಎರಡು ರೂಪಾಯಿ ಬಡ್ಡಿಗೆ ತಂದರು. ಹುಡುಗ ಕೆಟ್ಟಿಲ್ಲ, ಸಾಲ ಮುಳುಗಿಲ್ಲ. ಆದರೆ ಓದಿನ ಸಾಲ ಬಿತ್ತಿಗೆಯ ಸಾಲವನ್ನು ತಿಂದಿತು. ಇದು ಯಾವ ಬಣ್ಣದ ಪುಸ್ತಕದಲ್ಲೂ ಇರುವುದಿಲ್ಲ.

ಬಡ್ಡಿ ರಿಯಾಯಿತಿ ವಿಷಯದಲ್ಲೂ ಕೇಳಿ ತಿಳಿದುಕೊಳ್ಳಿ. 2009ರಲ್ಲಿ ಬಂದ ಕೇಂದ್ರದ ಬಡ್ಡಿ ಸಹಾಯಧನ, ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗೆ ವರಮಾನ ಇದ್ದವರಿಗೆ ಓದುವ ಅವಧಿಯ ಬಡ್ಡಿ ಭರಿಸುತ್ತಿತ್ತು. ಅದು ತಾಂತ್ರಿಕ, ವೃತ್ತಿಪರ ಕೋರ್ಸುಗಳಿಗೆ. ಬರೀ ಬಿ.ಎ.ಗೆ ಅನ್ವಯ ಇರಲಿಲ್ಲ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಎಂಟು ಲಕ್ಷದೊಳಗಿನ ವರಮಾನದವರಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ ನೂರಕ್ಕೆ ಮೂರರಷ್ಟು ಬಡ್ಡಿ ರಿಯಾಯಿತಿ ಇದೆ. ಕೋರ್ಸು ಯಾವುದು ಎಂಬುದಕ್ಕಿಂತ ಸಂಸ್ಥೆ ಯಾವುದು ಎಂಬುದು ಇಲ್ಲಿ ಮುಖ್ಯ. ಆರಂಭದಲ್ಲಿ ದೇಶದ 860 ಸಂಸ್ಥೆಗಳು ಮಾತ್ರ ಇದರೊಳಗೆ ಬಂದವು. ಸೇರಬೇಕೆಂದಿರುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಬಾಯಿಮಾತಿನಲ್ಲಿ ಕೇಳದೆ ಬ್ಯಾಂಕಿನಲ್ಲೇ ನೋಡಿಸಬೇಕು.

ದುಡಿಮೆ ಎಲ್ಲಿದೆ

ರಾಜ್ಯಶಾಸ್ತ್ರ ಓದಿದವರಿಗೆ ಕೆಲಸವೇ ಇಲ್ಲ ಎನ್ನುವುದು ಸುಳ್ಳು. ಓದಿದ ಕೂಡಲೇ ಇದೆ ಎನ್ನುವುದೂ ಸುಳ್ಳು. ನಾನು ತಿಳಿದ ಮಟ್ಟಿಗೆ ದಾರಿಗಳು ನಾಲ್ಕು.

ಮೊದಲನೆಯದು ಸ್ಪರ್ಧಾ ಪರೀಕ್ಷೆ. ಎಫ್.ಡಿ.ಎ., ಪಿ.ಡಿ.ಒ., ಪಿ.ಎಸ್.ಐ., ಕೆ.ಎ.ಎಸ್. ಎಲ್ಲಕ್ಕೂ ಬೇಕಾದದ್ದು 'ಯಾವುದೇ ಪದವಿ'. ಎಸ್.ಡಿ.ಎ., ಕಾನ್‌ಸ್ಟೇಬಲ್, ಗ್ರಾಮ ಆಡಳಿತ ಅಧಿಕಾರಿಗೆ ಪಿ.ಯು. ಸಾಕು. ಸಂವಿಧಾನ, ಪಂಚಾಯತ್ ರಾಜ್, ಆಡಳಿತ ಈ ಪರೀಕ್ಷೆಗಳಲ್ಲಿ ಬರುವುದರಿಂದ ರಾಜ್ಯಶಾಸ್ತ್ರ ಓದಿದವರಿಗೆ ಸ್ವಲ್ಪ ಅನುಕೂಲ ಹೌದು. ಸಂಬಳವೂ ಚೆನ್ನಾಗಿದೆ. 2024ರ ಆಗಸ್ಟಿನಿಂದ ಏಳನೇ ವೇತನ ಆಯೋಗದ ಪ್ರಕಾರ ಎಫ್.ಡಿ.ಎ. ಮೂಲ ವೇತನ 44,425ರಿಂದ ಶುರು. ಆದರೆ ಹುದ್ದೆ ಎಷ್ಟು? 2024ರಲ್ಲಿ ಕರೆದ ಪಿ.ಡಿ.ಒ. ಹುದ್ದೆ ಇಡೀ ರಾಜ್ಯಕ್ಕೆ 247. ಕೆ.ಎ.ಎಸ್. ಗೆಜೆಟೆಡ್ ಪ್ರೊಬೇಷನರ್ಸ್ 384. ಐ.ಎ.ಎಸ್. ಆಸೆ ಇದ್ದವರು 2023ರ ಲೆಕ್ಕ ನೋಡಲಿ: ಅರ್ಜಿ ಹಾಕಿದವರು ಹತ್ತು ಲಕ್ಷದ ಮೇಲೆ, ಆಯ್ಕೆಯಾದವರು 1,016.

ಗಮನಿಸಬೇಕಾದ ಮಾತೆಂದರೆ, ಈ ಪರೀಕ್ಷೆಗಳಲ್ಲಿ ಯಾವ ಕಾಲೇಜು ಎಂದು ಕೇಳುವುದಿಲ್ಲ. ಆರು ಲಕ್ಷದ ಬಿ.ಎ.ಗೂ ನಲವತ್ತೆಂಟು ಸಾವಿರದ ಬಿ.ಎ.ಗೂ ಅಲ್ಲಿ ಒಂದೇ ಬೆಲೆ.

ಎರಡನೆಯದು ಶಿಕ್ಷಕ ವೃತ್ತಿ. ಹೈಸ್ಕೂಲಿಗೆ ಬಿ.ಎ. ಮೇಲೆ ಬಿ.ಇಡಿ. 2015ರಿಂದ ಬಿ.ಇಡಿ. ಎರಡು ವರ್ಷದ್ದಾಗಿದೆ. ಪದವಿ ಕಾಲೇಜಿಗೆ ಎಂ.ಎ.ನಲ್ಲಿ ನೂರಕ್ಕೆ 55 ಅಂಕದ ಜೊತೆಗೆ ನೆಟ್ ಅಥವಾ ಕೆ-ಸೆಟ್. ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ ಯು.ಜಿ.ಸಿ. ಶ್ರೇಣಿಯಲ್ಲಿ 57,700ರಿಂದ ಶುರು. ಆದರೆ ನೇಮಕಾತಿ ವರ್ಷಗಟ್ಟಲೆಗೊಮ್ಮೆ. 2021ರಲ್ಲಿ ಕರೆದದ್ದು ಎಲ್ಲ ವಿಷಯ ಸೇರಿ 1,242 ಹುದ್ದೆ. ಅಲ್ಲಿಯವರೆಗೆ ಅತಿಥಿ ಉಪನ್ಯಾಸಕ. ರಾಜ್ಯದ ಸುಮಾರು 430 ಸರ್ಕಾರಿ ಪದವಿ ಕಾಲೇಜುಗಳನ್ನು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿಗಳೇ ನಡೆಸುತ್ತಿದ್ದಾರೆ. ಅವರ ಗೌರವಧನ 2022ರ ಜನವರಿಗೆ ಮುಂಚೆ 11,000 ಅಥವಾ 13,000 ಇತ್ತು. ಆಗ 26,000ದಿಂದ 32,000ಕ್ಕೆ ಏರಿತು, 2024ರಲ್ಲಿ ಮತ್ತಷ್ಟು ಸೇರಿತು. ಆದರೂ ವರ್ಷಕ್ಕೆ ಹನ್ನೆರಡು ತಿಂಗಳ ಸಂಬಳದ ಖಾತ್ರಿ ಇಲ್ಲ, ಮುಂದಿನ ವರ್ಷ ಕರೆಯುತ್ತಾರೆಂಬ ಖಾತ್ರಿಯೂ ಇಲ್ಲ.

ಮೂರನೆಯದು ವಕೀಲಿಕೆ. ಬಿ.ಎ. ಮೇಲೆ ಮೂರು ವರ್ಷದ ಎಲ್‌ಎಲ್.ಬಿ. ರಾಜ್ಯಶಾಸ್ತ್ರಕ್ಕೆ ಹೊಂದುವ ದಾರಿ ಇದು. ಆದರೆ ಮೊದಲ ಕೆಲವು ವರ್ಷ ಹಿರಿಯ ವಕೀಲರ ಹಿಂದೆ ಫೈಲು ಹೊರಬೇಕು. ಆಗ ಮನೆಯಿಂದಲೇ ಖರ್ಚು.

ನಾಲ್ಕನೆಯದು ಖಾಸಗಿ ಕೆಲಸ. ನಮ್ಮ ಊರಿನ ಬಿ.ಎ. ಹುಡುಗ ಹುಡುಗಿಯರು ಫೈನಾನ್ಸ್ ಕಂಪನಿಯ ವಸೂಲಿ, ವಿಮೆ, ಖಾಸಗಿ ಶಾಲೆ, ಅಂಗಡಿಗಳ ಬಿಲ್ಲಿಂಗ್ ಇಂಥವುಗಳಲ್ಲಿದ್ದಾರೆ. ನಾನು ಕೇಳಿ ತಿಳಿದಂತೆ ಹಳ್ಳಿಯ ಖಾಸಗಿ ಶಾಲೆಯಲ್ಲಿ ಎಂಟು ಹತ್ತು ಸಾವಿರ, ಉಳಿದೆಡೆ 12ರಿಂದ 18 ಸಾವಿರ.

ಸಾಲ ಮಾಡುವಾಗ ಯಾವ ಸಂಬಳ ಹಿಡಿದು ಲೆಕ್ಕ ಹಾಕಬೇಕು? ಮಂದಿ ಕೆ.ಎ.ಎಸ್. ಸಂಬಳ ಹಿಡಿಯುತ್ತಾರೆ. ಎಕರೆಗೆ ಏಳು ಕ್ವಿಂಟಲ್ ಕಡಲೆ ಬಂದ ವರ್ಷವನ್ನು ನೆನೆದು ಯಾರೂ ಪ್ರತಿ ವರ್ಷದ ಸಾಲ ಎತ್ತುವುದಿಲ್ಲ. ಬಂದೇ ಬರುವ ಮೂರು ಕ್ವಿಂಟಲ್ ಹಿಡಿದು ಎತ್ತುತ್ತೇವೆ. ಇಲ್ಲಿಯೂ ಹಾಗೆಯೇ. ನಾಲ್ಕನೇ ದಾರಿಯ ಸಂಬಳ ಹಿಡಿಯಬೇಕು, ಹದಿನೈದು ಸಾವಿರ ಎನ್ನಿ. ಅದರಲ್ಲಿ ಐದನೇ ಒಂದು ಪಾಲು ಕಂತಿಗೆ ಹೋದರೆ ಬದುಕು ನಡೆದೀತು. ಅಂದರೆ ಮೂರು ಸಾವಿರ. ಮೂರು ಸಾವಿರದ ಕಂತಿಗೆ ಹತ್ತು ವರ್ಷದಲ್ಲಿ ತೀರುವ ಸಾಲ ಎರಡು ಲಕ್ಷದ ಸುತ್ತಮುತ್ತ. ರಾಜ್ಯಶಾಸ್ತ್ರದ ಓದಿಗೆ, ಬಿ.ಎ.ಯಿಂದ ಎಂ.ಎ., ಬಿ.ಇಡಿ. ತನಕ ಎಲ್ಲ ಸೇರಿ, ಬಡ್ಡಿ ಕೂಡಿದ ಮೇಲೂ ಎರಡು ಲಕ್ಷ ಮೀರದ ಸಾಲ. ಇದು ನಮ್ಮ ಮನೆಯಲ್ಲಿ ಹಾಕಿಕೊಂಡ ಬದು.

ಕಾಯುವ ವರ್ಷಗಳ ಸಾಲ

ನಮ್ಮ ಭಾಗದಲ್ಲಿ ರಾಜ್ಯಶಾಸ್ತ್ರ ಓದಿದವರ ದೊಡ್ಡ ಸಾಲ ಬ್ಯಾಂಕಿನಲ್ಲಿಲ್ಲ. ಅದು ಧಾರವಾಡದ ಸಪ್ತಾಪುರದಲ್ಲಿದೆ, ಬೆಂಗಳೂರಿನ ವಿಜಯನಗರದಲ್ಲಿದೆ. ಡಿಗ್ರಿ ಮುಗಿಸಿ ಕೋಚಿಂಗ್ ಸೇರಿ, ಖೋಲಿ ಹಿಡಿದು, ಪರೀಕ್ಷೆಗೆ ಕಾಯುವ ಹುಡುಗರ ಖರ್ಚು ಅದು.

ಬಾಡಿಗೆ, ಮೆಸ್ಸು, ಲೈಬ್ರರಿ, ಪುಸ್ತಕ ಸೇರಿ ತಿಂಗಳಿಗೆ 7,500 ಎಂದರೂ ಮೂರು ವರ್ಷಕ್ಕೆ 2,70,000. ಕೋಚಿಂಗ್ ಫೀ 30,000. ಒಟ್ಟು ಮೂರು ಲಕ್ಷ. ಇದಕ್ಕೆ ಬ್ಯಾಂಕು ಶಿಕ್ಷಣ ಸಾಲ ಕೊಡುವುದಿಲ್ಲ. ಬಂಗಾರ ಅಡ ಇಡುತ್ತೇವೆ, ಕೈಗಡ ತರುತ್ತೇವೆ, ಇಲ್ಲವೇ ದಲಾಲಿ ಅಂಗಡಿ. ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ನೂರಕ್ಕೆ 24. ವರ್ಷಕ್ಕೊಂದು ಲಕ್ಷದಂತೆ ತಂದರೆ ಮೂರನೇ ವರ್ಷದ ಕೊನೆಗೆ ಬಡ್ಡಿಯೇ 1,44,000. ಸಾಲ 4,44,000. ಇದೇ ಹಣ ಬ್ಯಾಂಕಿನ 11ರ ದರಕ್ಕಾದರೆ ಬಡ್ಡಿ 66,000 ಆಗುತ್ತಿತ್ತು.

ಪರೀಕ್ಷೆ ಹೇಳಿದ ಹೊತ್ತಿಗೆ ನಡೆದರೂ ಒಂದು ಮಾತು. 545 ಪಿ.ಎಸ್.ಐ. ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರಿನಲ್ಲಿ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಎರಡು ವರ್ಷದ ಮೇಲೆ ಮೂರು ತಿಂಗಳು. 384 ಹುದ್ದೆಗಳ ಕೆ.ಎ.ಎಸ್. ಪೂರ್ವಭಾವಿ 2024ರ ಆಗಸ್ಟಿನಲ್ಲಿ ಆಗಿ, ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ಕೆಟ್ಟಿದೆ ಎಂದು ಗಲಾಟೆಯಾಗಿ ಡಿಸೆಂಬರಿನಲ್ಲಿ ಮತ್ತೆ ಬರೆಸಿದರು. ಇದರಲ್ಲಿ ಖೋಲಿ ಹಿಡಿದು ಕಾದ ಹುಡುಗರ ತಪ್ಪೇನಿಲ್ಲ. ಆದರೆ ಆ ತಿಂಗಳುಗಳ ಬಾಡಿಗೆ, ಬಡ್ಡಿ ಅವರ ಅಪ್ಪಂದಿರ ತಲೆಯ ಮೇಲೇ.

ಆದ್ದರಿಂದ ಕಾಯುವುದಕ್ಕೂ ಗಡುವು ಇರಬೇಕು. ಊರಿನಲ್ಲೇ ಇದ್ದು, ಏನಾದರೂ ದುಡಿಯುತ್ತಾ ಓದಿದರೆ ಎಷ್ಟು ವರ್ಷವಾದರೂ ಅಡ್ಡಿಯಿಲ್ಲ. ಸಾಲದ ಮೇಲೆ ಕಾಯುವುದಾದರೆ ಎರಡು ವರ್ಷ, ಅದಕ್ಕಿಂತ ಹೆಚ್ಚು ಬೇಡ.

ಮಗಳು ಕೇಳಿದ ಪ್ರಶ್ನೆ

ಈ ಲೆಕ್ಕವನ್ನೆಲ್ಲ ಮಗಳ ಮುಂದಿಟ್ಟಾಗ ಅವಳು ಸುಮ್ಮನೆ ಒಪ್ಪಲಿಲ್ಲ. 'ಅಪ್ಪಾ, ಅಣ್ಣನ ಟ್ರ್ಯಾಕ್ಟರಿಗೆ ಸಾಲಾ ಮಾಡಿದಿ. ನನ್ನ ಓದಿಗೆ ಯಾಕ ಬ್ಯಾಡ? ಹೆಣ್ಣುಮಗಳು ಅಂತನಾ?' ಎಂದಳು. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಸಿಟ್ಟಿನಲ್ಲಿ ಉತ್ತರ ಕೊಡಬಾರದು ಎಂದು ವಹಿ ತಂದು ಮುಂದಿಟ್ಟೆ.

ಹಳೆಯ ಟ್ರ್ಯಾಕ್ಟರು. 2020ರಲ್ಲಿ ಎರಡೂವರೆ ಲಕ್ಷ ಸಾಲ. ತಂದ ಮರುದಿನದಿಂದಲೇ ಮಂದಿ ಹೊಲಕ್ಕೆ ಬಾಡಿಗೆಗೆ ಹೋಯಿತು. ಅದರ ದುಡಿಮೆ ಅದರ ಕಂತಿಗೆ ಸರಿಯಾಗುತ್ತಿತ್ತು. ಕಂತೂ ಆರು ತಿಂಗಳಿಗೊಮ್ಮೆ, ರಾಶಿ ಮುಗಿದ ಮೇಲೆ. ತೀರಾ ಕಟ್ಟಲಾಗದಿದ್ದರೆ ಮಾರಿ ಕೈ ತೊಳೆಯಬಹುದು. ಡಿಗ್ರಿಯನ್ನು ಮಾರಲು ಬರುವುದಿಲ್ಲ. 'ನಿನ್ನ ಓದಿಗೂ ಎರಡು ಲಕ್ಷ ಇಟ್ಟೇನಿ ಮಗಳ. ಅದನ್ನ ಬಿ.ಎ.ದಾಗ ಖರ್ಚು ಮಾಡಬ್ಯಾಡ, ಮುಂದಿನ ಓದಿಗೆ ಇಟ್ಟುಕೊ' ಎಂದೆ. ಇವಳ ಬದಲು ಗಂಡುಮಗ ಕೇಳಿದ್ದರೂ ಲೆಕ್ಕ ಇದೇ.

ಅವಳ ಇನ್ನೊಂದು ಮಾತು ಇನ್ನೂ ಗಟ್ಟಿಯಿತ್ತು. 'ದೊಡ್ಡ ಕಾಲೇಜಿನಾಗ ಇಂಗ್ಲಿಷ್ ಬರ್ತೈತಿ, ನಾಲ್ಕು ಮಂದಿ ಪರಿಚಯ ಆಗ್ತಾರ. ಅದಕ್ಕ ಬೆಲಿ ಇಲ್ಲೇನು?' ಬೆಲೆ ಇದೆ. ಪತ್ರಿಕೆ, ಸಂಶೋಧನೆ, ಸ್ವಯಂಸೇವಾ ಸಂಸ್ಥೆ, ದೊಡ್ಡ ಕಂಪನಿಗಳ ಕೆಲಸದಲ್ಲಿ ಕಾಲೇಜಿನ ಹೆಸರು, ಇಂಗ್ಲಿಷು ನಡೆಯುತ್ತದೆ. ಆದರೆ ಅದನ್ನು ಸಾಲವಿಲ್ಲದೆ ಪಡೆಯುವ ದಾರಿಗಳೂ ಇವೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಮನೆಯ ವರಮಾನ ನೋಡಿ ಶುಲ್ಕದಲ್ಲಿ, ಹಾಸ್ಟೆಲಿನಲ್ಲಿ ರಿಯಾಯಿತಿ ಕೊಡುತ್ತದೆ. ದೆಹಲಿಯ ಜೆ.ಎನ್.ಯು., ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಶಾಸ್ತ್ರದ ಎಂ.ಎ. ಶುಲ್ಕ ಖಾಸಗಿಯ ಮುಂದೆ ಬಹಳ ಕಡಿಮೆ. ಪ್ರವೇಶ ಪರೀಕ್ಷೆ ಬರೆದು ಹೋಗಬೇಕು. ಬಿ.ಎ. ಅಗ್ಗದಲ್ಲಿ ಮುಗಿಸಿ, ಎಂ.ಎ.ಗೆ ದೊಡ್ಡ ಕಡೆ ಹೋಗುವುದು ಜಾಣತನ.

ದುಡಿಯುತ್ತಲೇ ಓದುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಇಗ್ನೋ ಇವೆ. ಮಾನ್ಯತೆ ಇರುವ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮಾನ ಎಂದು ಯು.ಜಿ.ಸಿ. 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟ ಮಾಡಿದೆ. ಸೇರುವ ವರ್ಷ ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು.

ಹಣದಲ್ಲಿ ಬರದ ಹುಟ್ಟುವಳಿ

ಮಗಳು ತಾಲ್ಲೂಕಿನ ಕಾಲೇಜಿಗೇ ಸೇರಿದಳು. ರಾಜ್ಯಶಾಸ್ತ್ರ, ಇತಿಹಾಸ ತೆಗೆದುಕೊಂಡಳು. ಎರಡನೇ ವರ್ಷದಲ್ಲಿದ್ದಾಗ ಆ 2023ರ ಬರ ಬಂತು. ಹೆಸರಿಗೆ ವಿಮೆ ಕಟ್ಟಿದ್ದೆವು. ನಮ್ಮಲ್ಲಿ ಮುಖ್ಯ ಬೆಳೆಗಳಿಗೆ ವಿಮೆಯ ಲೆಕ್ಕ ಗ್ರಾಮ ಪಂಚಾಯಿತಿವಾರು. ಬೆಳೆ ಕಟಾವು ಪ್ರಯೋಗದಲ್ಲಿ ಬಂದ ಇಳುವರಿ ನೋಡಿ ಪರಿಹಾರ. ಪಕ್ಕದ ಪಂಚಾಯಿತಿಗೆ ಬಂದ ಪರಿಹಾರ ನಮಗೆ ಬಂದಿರಲಿಲ್ಲ. ಊರವರು ಕಟ್ಟೆಯ ಮೇಲೆ ಕೂತು ಬೈಯುತ್ತಿದ್ದೆವು. ಇವಳು ಮಾಹಿತಿ ಹಕ್ಕಿನ ಅರ್ಜಿ ಬರೆದು, ಪ್ರಯೋಗ ಯಾವ ಹೊಲದಲ್ಲಿ ಆಯಿತು, ಎಷ್ಟು ಇಳುವರಿ ಬರೆದಿದ್ದಾರೆ ಎಂದು ಕೇಳಿದಳು. ಉತ್ತರ ಬಂದ ಮೇಲೆ 62 ರೈತರ ಸಹಿಯೊಂದಿಗೆ ಆಕ್ಷೇಪಣೆ ಕೊಟ್ಟೆವು. ತಡವಾಗಿ ಬಂತು, ಪೂರ್ತಿಯೂ ಬರಲಿಲ್ಲ. ಆದರೂ ನನ್ನ ಖಾತೆಗೆ ಬಿದ್ದ ಹಣ ಅವಳ ಒಂದು ವರ್ಷದ ಓದಿನ ಖರ್ಚಿಗೆ ಸಾಕಾಗುವಷ್ಟಿತ್ತು. ಯಾವ ಕಚೇರಿಯನ್ನು ಏನು ಕೇಳಬೇಕು, ಯಾವ ಕಾನೂನು ಹಿಡಿದು ಕೇಳಬೇಕು ಎಂಬ ತಿಳಿವಳಿಕೆ ಮನೆಗೆ ಬಂದದ್ದು ಆ ಓದಿನಿಂದ. ಹಾಗಾಗಿ ರಾಜ್ಯಶಾಸ್ತ್ರ ಓದಬೇಡಿ ಎಂದು ನಾನು ಹೇಳುವುದಿಲ್ಲ. ಓದಬೇಕು. ಅದಕ್ಕೆ ಬಿತ್ತಿಗೆಯ ಹಣ ಸುಡಬಾರದು ಅಷ್ಟೇ.

2025ರಲ್ಲಿ ಬಿ.ಎ. ಮುಗಿಸಿ ಅವಳೀಗ ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದಾಳೆ. ವರ್ಷಕ್ಕೆ 50,000ದಂತೆ ಒಂದು ಲಕ್ಷದ ಸಾಲ. ಕಂತು ಶುರುವಾಗುವಾಗ 1,27,500 ಆಗುತ್ತದೆ. ತಿಂಗಳ ಕಂತು ಸುಮಾರು 1,760. ಕೆ-ಸೆಟ್ ಆಗದಿದ್ದರೂ, ಹನ್ನೆರಡು ಸಾವಿರದ ಕೆಲಸ ಸಿಕ್ಕರೂ ಅವಳು ಕಟ್ಟಬಲ್ಲಳು. ಅವಳಿಗೆ ಏನೂ ಸಿಗದಿದ್ದರೆ ಸಾಧಾರಣ ಮಳೆಯ ವರ್ಷದಲ್ಲಿ ನಾನು ಕಟ್ಟಬಲ್ಲೆ.

ಸಹಿ ಹಾಕುವ ಮುಂಚೆ

1. ಕೋರ್ಸು ಎಷ್ಟು ವರ್ಷ? 2021ರಲ್ಲಿ ನಾಲ್ಕು ವರ್ಷದ ಪದವಿಯ ಪದ್ಧತಿ ಬಂದಿತ್ತು. 2024-25ರಿಂದ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷ. ಖಾಸಗಿಯಲ್ಲಿ ನಾಲ್ಕನೇ ವರ್ಷದ ಫೀ ಸೇರಿದೆಯೇ ಕೇಳಿ.

2. ಓದು ಮುಗಿದು ಕಂತು ಶುರುವಾಗುವ ದಿನ ಸಾಲ ಎಷ್ಟಾಗಿರುತ್ತದೆ? ಬ್ಯಾಂಕಿನವರಿಂದ ಕಾಗದದ ಮೇಲೆ ಬರೆಸಿಕೊಳ್ಳಿ.

3. ಅತಿ ಕಡಿಮೆ ಸಂಬಳದ ಕೆಲಸ ಸಿಕ್ಕರೂ ಅದರ ಐದನೇ ಒಂದು ಪಾಲಿನಲ್ಲಿ ಕಂತು ಮುಗಿಯುತ್ತದೆಯೇ?

4. ಕಂತು ತಪ್ಪಿದರೆ ನಿಮ್ಮ ಬೆಳೆಸಾಲಕ್ಕೆ ಏನಾಗುತ್ತದೆ? ಎರಡೂ ಸಾಲ ಒಂದೇ ಬ್ಯಾಂಕಿನಲ್ಲಿದ್ದರೆ ಇನ್ನೂ ಜಾಗ್ರತೆ.

5. ಸರ್ಕಾರಿ ಹಾಸ್ಟೆಲ್ಲು, ವಿದ್ಯಾರ್ಥಿ ವೇತನಕ್ಕೆ ಅರ್ಜಿ ಹಾಕಿಯಾಯಿತೇ? ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ಲು ಸಿಗದಿದ್ದರೆ ವಿದ್ಯಾಸಿರಿ ಇದೆ. ಇವು ಮುಗಿದ ಮೇಲೆ ಉಳಿದ ಕೊರತೆಗಷ್ಟೇ ಸಾಲ.

6. ಪರೀಕ್ಷೆಗೆ ಎಷ್ಟು ವರ್ಷ ಕಾಯುವುದು? ಮಗ, ಮಗಳ ಜೊತೆ ಕೂತು ಮೊದಲೇ ಮಾತಾಡಿ. ಆಮೇಲೆ ಜಗಳವಾಗುವುದು ತಪ್ಪುತ್ತದೆ.

ನನ್ನ ಲೆಕ್ಕ ಒಣಬೇಸಾಯದ ಏಳು ಎಕರೆಯದು. ನೀರಾವರಿ ಇದ್ದವರದು, ತೋಟದವರದು ಬೇರೆ ಇದ್ದೀತು. ಇದಕ್ಕಿಂತ ದೊಡ್ಡ ಸಾಲ ಮಾಡಿ ಆರ್ಟ್ಸ್ ಓದಿಸಿ ದಡ ಮುಟ್ಟಿದವರು ಇದ್ದರೆ ಅವರೂ ತಮ್ಮ ಅಂಕಿ ಅಂಶದೊಂದಿಗೆ ಬರೆಯಲಿ. ಮುಂದಿನ ಜೂನ್ ಬರುವುದರೊಳಗೆ ಬರೆದರೆ, ಈ ವರ್ಷ ಪಿ.ಯು. ಬರೆಯುವ ಮಕ್ಕಳಿರುವ ಮನೆಗಳಿಗೆ ಉಪಯೋಗವಾಗುತ್ತದೆ.